ಅಪ್‌ಡೇಟ್: ಡ್ಯಾನ್ಯೂಬ್ ಕ್ರೂಸ್, ಅಮ್ಮನ ಮಂಡಿನೋವು, ಸಸ್ಯಾಹಾರ

ಜರ್ಮನಿಯ ಪಸಾವ್‌ನಿಂದ ಹಂಗೇರಿಯ ಬುಡಾಪೆಸ್ಟ್‌ವರೆಗಿನ ನದಿ ಕ್ರೂಸ್‌ನಲ್ಲಿ ಮಂಡಿನೋವಿರುವ ಅಮ್ಮನ ಓಡಾಟ, ಊಟ ಹೇಗೆ ಅಂತ ಕೇಳಿದ್ದೆನಲ್ಲ, ಹೋಗಿ ಬಂದೆವು.

"ಮೀನು, ಮೊಟ್ಟೆ, ಮಾಂಸದ ಸಾರು ಯಾವುದೂ ಬೇಡ" ಅಂತ ಮೊದಲೇ ಬಿಡಿಸಿ ಮೇಲ್ ಹಾಕಿ ಅಂದಿರಿ. ಅದೇ ಕೈಹಿಡಿಯಿತು. ಬರೀ ವೆಜ್ ಅಂದಿದ್ದರೆ ಸೂಪ್‌ನಲ್ಲಿ ಏನೇನಿರುತ್ತಿತ್ತೋ! ಇಂಡಕ್ಷನ್ ಒಲೆ ಒಯ್ಯುವ ಐಡಿಯಾ ನಡೆಯಲಿಲ್ಲ, ರೂಮಿನಲ್ಲಿ ಅಡುಗೆಗೆ ಬಿಡಲ್ಲ. ಬಿಸಿನೀರು ಮಾತ್ರ ಕೇಳಿದಾಗಲೆಲ್ಲ ಕೊಟ್ಟರು, ಅಮ್ಮನ ಗೊಜ್ಜವಲಕ್ಕಿಗೆ ಅಷ್ಟು ಸಾಕಾಯಿತು.

ಲಿಫ್ಟ್ ಇರುವ ಹಡಗು ನೋಡಿ ಅಂದವರಿಗೆ ಥ್ಯಾಂಕ್ಸ್. ಆದರೆ ಒಂದು ವಿಷಯ ಗೊತ್ತಿರಲಿ. ದಡದಲ್ಲಿ ಜಾಗ ಸಾಲದಿದ್ದರೆ ಹಡಗುಗಳನ್ನು ಒಂದರ ಪಕ್ಕ ಒಂದು ಕಟ್ಟುತ್ತಾರೆ. ವಿಯೆನ್ನಾದಲ್ಲಿ ನಾವು ಪಕ್ಕದ ಹಡಗಿನೊಳಗಿಂದಲೇ ದಾಟಿ ಇಳಿದೆವು. ಕೆಲವೊಮ್ಮೆ ಮೇಲಿನ ಡೆಕ್‌ಗೆ ಹತ್ತಿ ದಾಟಬೇಕು, ನಮ್ಮ ಹಡಗಿನಲ್ಲಿ ಅಲ್ಲಿಗೆ ಲಿಫ್ಟ್ ಇರಲಿಲ್ಲ. ಕಿಟಕಿ ಪರದೆ ಸರಿಸಿದರೆ ಎದುರಿಗೆ ಯಾರದೋ ಹಾಸಿಗೆ!

ಆಸ್ಟ್ರಿಯಾದಲ್ಲಿ ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ವಾಖಾವ್ ಕಣಿವೆಯನ್ನು ಹಗಲಲ್ಲಿ ದಾಟುವ ಹಡಗನ್ನೇ ಆರಿಸಿ. ಬರೀ 36 ಕಿ.ಮೀ. ಅಷ್ಟೇ, ಆದರೆ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ತೋಟ, ಡ್ಯೂರ್ನ್‌ಸ್ಟೈನ್‌ನ ನೀಲಿ ಗೋಪುರ, ಎಲ್ಲ ಅಲ್ಲೇ. ಮಕ್ಕಳಿಗೆ ಜಾಸ್ತಿ ಹಿಡಿಸಿದ್ದು ದಡದ ಕಿಲೋಮೀಟರ್ ಫಲಕಗಳು. ಡ್ಯಾನ್ಯೂಬ್‌ನಲ್ಲಿ ದೂರವನ್ನು ಸಮುದ್ರದ ಕಡೆಯಿಂದ ಎಣಿಸುತ್ತಾರೆ, ಹಾಗಾಗಿ ಮುಂದೆ ಹೋದಷ್ಟೂ ಅಂಕಿ ಇಳಿಯುತ್ತಾ ಬರುತ್ತದೆ.