ಸಹಾಯ ಬೇಕು: ಎಫ್‌ಡಿ ಅಂತ ಹೇಳಿ ಅಪ್ಪನಿಗೆ ಯೂಲಿಪ್ ಕೊಟ್ಟಿದ್ದಾರೆ

ಎಲ್ಲರಿಗೂ ನಮಸ್ಕಾರ. ನಮ್ಮದು ಬ್ಯಾಡಗಿ ಹತ್ತಿರದ ಹಳ್ಳಿ. ಮೆಣಸಿನಕಾಯಿ ಮಾರಿದ 3 ಲಕ್ಷವನ್ನು ಎಫ್‌ಡಿ ಇಡಲು ಅಪ್ಪ ಬ್ಯಾಂಕಿಗೆ ಹೋಗಿದ್ದರು. ನಿನ್ನೆ ಅಂಚೆಯಲ್ಲಿ ದಪ್ಪ ಲಕೋಟೆ ಬಂತು. ಒಡೆದು ನೋಡಿದರೆ ಯೂಲಿಪ್ ಪಾಲಿಸಿ, ಅಂದರೆ ನಮ್ಮ ಹಣವನ್ನು ಷೇರು ಮಾರುಕಟ್ಟೆಯಂಥ ಕಡೆ ಹೂಡುವ ಜೀವವಿಮೆ! 'ಪ್ರೀಮಿಯಂ ಕಟ್ಟುವ ಅವಧಿ 5 ವರ್ಷ' ಅಂತ ಇದೆ. ಅಂದರೆ ವರ್ಷಾ ವರ್ಷ 3 ಲಕ್ಷ. ಮಳೆ ಕೈಕೊಟ್ಟರೆ ಎಲ್ಲಿಂದ ತರೋದು? ಅಪ್ಪ ರಾತ್ರಿ ಊಟಾನೇ ಮಾಡಲಿಲ್ಲ.

ಪಾಲಿಸಿ ಕೈಸೇರಿದ 30 ದಿನದೊಳಗೆ ವಾಪಸ್ ಮಾಡಬಹುದು, ಫ್ರೀ ಲುಕ್ ಅಂತಾರಲ್ಲ, ಅದು ಗೊತ್ತು. ಸ್ವಲ್ಪ ಹಣ ಮುರಿದುಕೊಂಡರೂ ಪರವಾಗಿಲ್ಲ. ಆದರೆ ಅರ್ಜಿ ಬ್ಯಾಂಕಿಗೆ ಕೊಡಬೇಕಾ, ನೇರ ವಿಮಾ ಕಂಪನಿಗಾ? ಇಮೇಲ್ ಸಾಕಾ, ಕಂಪನಿಯ ಹುಬ್ಬಳ್ಳಿ ಶಾಖೆಗೆ ಹೋಗಿ ಸೀಲ್ ಹಾಕಿಸಿಕೊಳ್ಳಬೇಕಾ? ಬ್ಯಾಂಕಿನವರು 'ಸುಮ್ನೆ ಇಟ್ಟುಬಿಡಿ, ಲಾಭ ಜಾಸ್ತಿ' ಅಂತ ದಿನ ತಳ್ಳುತ್ತಿದ್ದಾರೆ. ಹೀಗೆ ವಾಪಸ್ ಮಾಡಿ ಹಣ ಪಡೆದವರು ಇದ್ದರೆ ದಯವಿಟ್ಟು ಹೇಳಿ.