ಸಹಾಯ ಬೇಕು: ನೋಟಿಸ್ ಮುಗಿದ ದಿನವೇ ಮನೆ ಬಿಟ್ಟರೆ ಕೌನ್ಸಿಲ್ ಸಹಾಯ ತಪ್ಪಿಹೋಗುತ್ತದಾ?

ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆ ಒಂದು ನಗರದಲ್ಲಿದ್ದೇವೆ. ನಾನು, ಯಜಮಾನರು, ಇಬ್ಬರು ಮಕ್ಕಳು. ಐಎಲ್‌ಆರ್ (ಇಲ್ಲೇ ಕಾಯಂ ಆಗಿ ಇರಲು ಅನುಮತಿ) ಆಗಿದೆ, ಹಾಗಾಗಿ ವೀಸಾದಿಂದ ಅಡ್ಡಿ ಇಲ್ಲ.

ಬಾಡಿಗೆ ಮನೆಯನ್ನು ಮಾಲೀಕರು ಮಾರುತ್ತಾರಂತೆ, ನೋಟಿಸ್ ಕೊಟ್ಟಿದ್ದಾರೆ, ಮುಂದಿನ ತಿಂಗಳು ಅವಧಿ ಮುಗಿಯುತ್ತದೆ. 56 ದಿನದೊಳಗೆ ಮನೆ ಕಳೆದುಕೊಳ್ಳುವ ಹಾಗಿದ್ದರೆ ಕೌನ್ಸಿಲ್ (ಇಲ್ಲಿನ ಸ್ಥಳೀಯ ಆಡಳಿತ) ಸಹಾಯ ಮಾಡಲೇಬೇಕು ಅಂತ 2017ರ ಕಾಯ್ದೆ ಇದೆಯಲ್ವಾ, ಅದರಂತೆ ಅರ್ಜಿ ಹಾಕಿದ್ದೇವೆ. ಹೌಸಿಂಗ್ ರಿಜಿಸ್ಟರ್‌ನಲ್ಲೂ (ಕಡಿಮೆ ಬಾಡಿಗೆಯ ಕೌನ್ಸಿಲ್ ಮನೆಗೆ ಕಾಯುವವರ ಪಟ್ಟಿ) ಹೆಸರಿದೆ, ಬ್ಯಾಂಡ್ (ಯಾರಿಗೆ ಎಷ್ಟು ಆದ್ಯತೆ ಅನ್ನುವ ದರ್ಜೆ) ಕೊಟ್ಟಿದ್ದಾರೆ. ಮನೆ ಖಾಲಿಯಾದಾಗ ಆನ್‌ಲೈನ್‌ನಲ್ಲಿ ಬಿಡ್ ಮಾಡಬೇಕು (ದುಡ್ಡಿನ ಹರಾಜಲ್ಲ, ಈ ಮನೆ ನಮಗೆ ಬೇಕು ಅಂತ ಹೇಳುವುದು ಅಷ್ಟೇ). ನಾನು ಒಂದೂ ಬಿಡದೆ ಹಾಕುತ್ತಿದ್ದೇನೆ. ಆದರೆ ಕೌನ್ಸಿಲ್ ಮನೆಯನ್ನು ಬಾಡಿಗೆಗಿದ್ದವರು ಕೊಳ್ಳಬಹುದು ಅನ್ನುವ 1980ರ ಕಾಯ್ದೆ ಬಂದ ಮೇಲೆ ಅವರೇ ಎಷ್ಟೋ ಕೌನ್ಸಿಲ್ ಮನೆಗಳನ್ನು ಕೊಂಡುಬಿಟ್ಟರು, ಉಳಿದಿದ್ದಕ್ಕೆ ಸಾಲು ತುಂಬಾ ಉದ್ದ. ಖಾಸಗಿ ಮನೆಗಳನ್ನೂ ನೋಡಿದೆವು, ಬಾಡಿಗೆ ನಮ್ಮ ಕೈಗೆ ಎಟುಕುತ್ತಿಲ್ಲ.

ಗೊಂದಲ ಇಲ್ಲಿ. ಮಾಲೀಕರು ಒಳ್ಳೆಯವರು, ಕೋರ್ಟಿಗೆ ಹೋಗದೆ ನೋಟಿಸ್ ಮುಗಿದ ದಿನವೇ ಬಿಟ್ಟುಕೊಡಿ ಅಂತ ಕೇಳುತ್ತಿದ್ದಾರೆ. ಕೋರ್ಟಿನ ಖರ್ಚು ನಮ್ಮ ತಲೆಗೆ ಬಂದರೆ ಅಂತ ನಮಗೂ ಭಯ. ಆದರೆ ನಾವಾಗಿ ಬಿಟ್ಟರೆ 'ಬೇಕಂತಲೇ ಮನೆ ಕಳೆದುಕೊಂಡವರು' ಅಂತ ಕೌನ್ಸಿಲ್‌ನವರು ಬರೆದುಬಿಟ್ಟರೆ? ಮಕ್ಕಳ ಸ್ಕೂಲು ಇಲ್ಲೇ ಪಕ್ಕದಲ್ಲಿದೆ, ರಾತ್ರಿ ನಿದ್ದೆ ಬರುತ್ತಿಲ್ಲ.

ಹೀಗೆ ಆದವರು ಯಾರಾದರೂ ಇದ್ದೀರಾ? ನೋಟಿಸ್ ಮುಗಿದ ದಿನ ಬಿಟ್ಟಿರಾ, ಕೋರ್ಟ್ ಆದೇಶದವರೆಗೆ ಇದ್ದಿರಾ? ಬಿಡುವ ಮೊದಲು ಕೌನ್ಸಿಲ್‌ನಿಂದ ಬರಹದಲ್ಲಿ ಏನು ತೆಗೆದುಕೊಳ್ಳಬೇಕು?