ಕಾರ್ಬನ್, ಜಿಎಫ್‌ಒ, ರೆಸಿನ್ ಮೂರೂ ಒಟ್ಟಿಗೆ ಹಾಕಬಹುದಾ? (200 ಲೀಟರ್ ರೀಫ್ ಅಂದರೆ ಹವಳದ ಟ್ಯಾಂಕ್, ಚಿಕ್ಕಮಗಳೂರು)

ಮಲ್ನಾಡ್_ಮರೀನ್:
ಎಲ್ಲರಿಗೂ ನಮಸ್ಕಾರ. 200 ಲೀಟರ್ ಉಪ್ಪುನೀರಿನ ಟ್ಯಾಂಕ್, ಕೆಳಗೆ ಸಂಪ್ (ಫಿಲ್ಟರ್ ಇಡೋ ತೊಟ್ಟಿ), ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯೋದು) ಇದೆ. ಒಂದು ಜೋಡಿ ಕ್ಲೌನ್ ಮೀನು, ಮಶ್ರೂಮ್, ಜೋವಾಂಥಸ್ (ಜೋವಾ), ಒಂದು ದೊಡ್ಡ ಲೆದರ್, ಎಲ್ಲವೂ ಮೆತ್ತನೆ ಹವಳಗಳು. ಕಲ್ಲು ಹವಳ ಇಲ್ಲ. ನೈಟ್ರೇಟ್ 10, ಫಾಸ್ಫೇಟ್ 0.3 ಪಿಪಿಎಂ. ಬಿಳಿ ಬಕೆಟ್‌ಗೆ ಹಿಡಿದರೆ ನೀರು ತೆಳು ಟೀ ಬಣ್ಣ. ಲೆದರ್ ಪಕ್ಕದ ಜೋವಾಗಳು ಮುದುಡಿಕೊಂಡೇ ಇರ್ತವೆ. ಅಂಗಡಿಯವರು ಕಾರ್ಬನ್, ಜಿಎಫ್‌ಒ (ಫಾಸ್ಫೇಟ್ ಹೀರೋ ಕಾಳು), ಜೊತೆಗೆ ಒಂದು ರೆಸಿನ್ (ಕೊಳೆ ಹಿಡಿಯೋ ಸಣ್ಣ ಮಣಿಗಳು) ಕಳಿಸಿ, ಡಬ್ಬದ ಮೇಲೆ ಬರೆದಷ್ಟು ಹಾಕಿ ಅಂದರು. ಮೂರನ್ನೂ ಒಂದೇ ಸಲ ಹಾಕಲಾ?

ಇನ್ನೊಂದು, ನಗಬೇಡಿ. ಅರಸೀಕೆರೆ ಕಡೆ ನಮ್ಮ ಮಾವನ ಮನೆ. ಅಲ್ಲಿ ತೆಂಗಿನ ಚಿಪ್ಪಿನ ಇದ್ದಿಲು ಮೂಟೆಗಟ್ಟಲೆ ಸಿಗುತ್ತೆ. ಅದನ್ನೇ ತೊಳೆದು ಹಾಕಿದರೆ ನಡೆಯಲ್ವಾ?

ಹಾಸನದ_ಸಂಪು:
ನಗೋದೇನು ಬಂತು ಸ್ವಾಮಿ, ಅಂಗಡಿ ಕಾರ್ಬನ್‌ನಲ್ಲೂ ಎಷ್ಟೋ ತೆಂಗಿನ ಚಿಪ್ಪಿಂದೇ. ಆದರೆ ಇದ್ದಿಲಿಗೆ 800-900 ಡಿಗ್ರಿಯಲ್ಲಿ ಹಬೆ ಹಾಯಿಸಿದ ಮೇಲೇ ಒಳಗಿನ ಸಣ್ಣ ರಂಧ್ರಗಳು ತೆರೆಯೋದು. ಒಂದು ಗ್ರಾಂನಲ್ಲಿ ನೂರಾರು ಚದರ ಮೀಟರ್ ಮೈ ಸಿಗೋದು ಆಗಲೇ. ಮಾವನ ಇದ್ದಿಲಲ್ಲಿ ಅದಿರಲ್ಲ, ಬೂದಿ ಮಾತ್ರ ಧಾರಾಳ. ಇಸ್ತ್ರಿ ಪೆಟ್ಟಿಗೆಗೆ ಬಿಡಿ.

ಮೂರೂ ಒಟ್ಟಿಗೆ ಖಂಡಿತ ಬೇಡ. ಮೊದಲು ಕಾರ್ಬನ್ ಒಂದೇ. ಲೆದರ್ ಜಾತಿಯವು ಟರ್ಪೀನ್ ಅನ್ನೋ ವಿಷ ಬಿಟ್ಟು ನೆರೆಹೊರೆಯವನ್ನು ದೂರ ಇಡ್ತವೆ. ನಿಮ್ಮ ಜೋವಾ ಮುದುಡೋಕೆ ನನ್ನ ಅನುಮಾನ ಅದರ ಮೇಲೇ. ಆ ವಿಷ, ಆ ಹಳದಿ ಬಣ್ಣ ಎರಡನ್ನೂ ಹಿಡಿಯೋದು ಕಾರ್ಬನ್. ಫಾಸ್ಫೇಟ್, ನೈಟ್ರೇಟ್ ಅದರ ಕೆಲಸವಲ್ಲ. ಅರ್ಧ ಲೋಟ ಸಾಕು. ಆರ್‌ಒ ನೀರಲ್ಲಿ ಕಪ್ಪು ಹೋಗೋವರೆಗೆ ತೊಳೆದು, ಚೀಲದಲ್ಲಿ ಹಾಕಿ, ನೀರು ಹರಿಯೋ ಕಡೆ ಇಡಿ. ಮೂರ್ನಾಲ್ಕು ವಾರಕ್ಕೆ ಬದಲಿಸಿ. ಹಾಕೋ ಮುಂಚೆ ಒಂದು ಚಮಚ ಕಾರ್ಬನ್ ಶುದ್ಧ ನೀರಲ್ಲಿ ರಾತ್ರಿಯಿಡೀ ನೆನೆಸಿ ಫಾಸ್ಫೇಟ್ ಟೆಸ್ಟ್ ಮಾಡಿ. ಕೆಲವು ಕಾರ್ಬನ್ ತಾನೇ ಫಾಸ್ಫೇಟ್ ಬಿಡುತ್ತೆ.

ಹಳದಿ ಹೋದ ಕೂಡಲೇ ಬೆಳಕು ಜಾಸ್ತಿ ಒಳಗಿಳಿಯುತ್ತೆ, ಮಶ್ರೂಮ್ ಬಿಳಚಿಕೊಳ್ಳಬಹುದು. ಲೈಟನ್ನು ಒಂದು ವಾರ ಸ್ವಲ್ಪ ತಗ್ಗಿಸಿ.

ಸಕಲೇಶಪುರ_ಸಾಗರ:
ಅಣ್ಣ ಹೇಳಿದ್ದು ಸರಿ. ಜಿಎಫ್‌ಒ ಬೇಡವೇ ಬೇಡ ಅಂತೀನಿ ನಾನು. ನೀರು ಬದಲಿಸಿ, ತಿಂಡಿ ಕಡಿಮೆ ಮಾಡಿ, ಸಾಕು.

ಹಾಸನದ_ಸಂಪು:
0.3 ಇದ್ದಾಗ ಬರೀ ನೀರು ಬದಲಿಸಿದರೆ ಇಳಿಯಲ್ಲ ತಮ್ಮಾ. ಕಲ್ಲು, ಮರಳು ಹೀರಿಕೊಂಡಿರೋ ಫಾಸ್ಫೇಟ್ ಮತ್ತೆ ನೀರಿಗೆ ಬಿಡ್ತಾ ಇರುತ್ತೆ. ಜಿಎಫ್‌ಒ ಕಬ್ಬಿಣದ ಆಕ್ಸೈಡ್, ಫಾಸ್ಫೇಟ್ ಕಚ್ಚಿಕೊಂಡರೆ ಬಿಡಲ್ಲ. ಆದರೆ ಡಬ್ಬದ ಅಳತೆ ನಂಬಬೇಡಿ, ಅದರ ಕಾಲು ಭಾಗದಿಂದ ಶುರು ಮಾಡಿ. ಎರಡು ಮೂರು ದಿನಕ್ಕೊಮ್ಮೆ ಟೆಸ್ಟ್ ಮಾಡ್ತಾ 0.1ರ ಹತ್ತಿರ ಬಂದರೆ ತೆಗೆದುಬಿಡಿ. ಸೊನ್ನೆ ಮುಟ್ಟಿಸಿದಿರೋ, ಹವಳ ಸೊರಗಿ ಡೈನೋ (ಒಂದು ಬಗೆಯ ಸೂಕ್ಷ್ಮ ಪಾಚಿ) ಲೋಳೆ ಹಬ್ಬೋಕೆ ದಾರಿ. ರೆಸಿನ್ ಸದ್ಯ ಕಪಾಟಲ್ಲಿರಲಿ. ಅದೂ ಕಾರ್ಬನ್ ಹಿಡಿಯೋ ಕೊಳೆಯನ್ನೇ ಹಿಡಿಯೋದು.

ಅಂದಹಾಗೆ, ಆವಿಯಾದದ್ದಕ್ಕೆ ಯಾವ ನೀರು ತುಂಬಿಸ್ತೀರಿ?

ಮಲ್ನಾಡ್_ಮರೀನ್:
ಅಡುಗೆಮನೆ ಆರ್‌ಒದ್ದೇ ಅಣ್ಣ. ಬೋರ್‌ವೆಲ್ ನೀರು ಅದಕ್ಕೆ ಹೋಗುತ್ತೆ. ಈಗ ಮೀಟರ್ ಹಿಡಿದೆ, ಟಿಡಿಎಸ್ (ನೀರಲ್ಲಿ ಕರಗಿರೋ ಲವಣಾಂಶ) 70.

ಹಾಸನದ_ಸಂಪು:
ಅಲ್ಲೇ ಇದೆ ನೋಡಿ. ಕುಡಿಯೋ ಆರ್‌ಒ ಎಷ್ಟೋ ಮೆಷಿನ್‌ನಲ್ಲಿ ರುಚಿಗೆ ಅಂತ ಟಿಡಿಎಸ್ ಕಂಟ್ರೋಲರ್ ಇರುತ್ತೆ, ಮೆಂಬ್ರೇನ್ ದಾಟದ ನೀರನ್ನೂ ಒಂದಿಷ್ಟು ಬೆರೆಸುತ್ತೆ. ಟ್ಯಾಂಕಿಂದ ಆವಿಯಾಗೋದು ಬರೀ ನೀರು. ನೀವು ಸುರಿದದ್ದೆಲ್ಲ ಒಳಗೇ ಕೂರುತ್ತೆ. ಆ ನೀರಲ್ಲೇ ಫಾಸ್ಫೇಟ್, ನೈಟ್ರೇಟ್ ಟೆಸ್ಟ್ ಮಾಡಿ ಇಲ್ಲಿ ಹಾಕಿ. ಟ್ಯಾಂಕಿಗೆ ಬೇರೆ ಲೈನ್ ಎಳೆದು ಮೆಂಬ್ರೇನ್ ಆದ ಮೇಲೆ ಡಿಐ ಕಾರ್ಟ್ರಿಡ್ಜ್ (ಉಳಿದ ಲವಣಾಂಶ ಹಿಡಿಯೋದು) ಕೂರಿಸಿ, ಮೀಟರ್ 0 ತೋರಿಸಬೇಕು. ಅದಾಗೋವರೆಗೆ ಜಿಎಫ್‌ಒ ಡಬ್ಬದ ಸೀಲ್ ಒಡೀಬೇಡಿ.